ತೇಪೆ ಕಾಣಬೇಕೇ?

ರಫೂ ಮಾಡುವವನ ಹೆಚ್ಚುಗಾರಿಕೆ ಇರುವುದು ಹೊಲಿಗೆ ಕಾಣದಂತೆ ಮಾಡುವುದರಲ್ಲಿ. ಕೋಟಿನ ತೂತು ಎಲ್ಲಿತ್ತೆಂದು ತೊಟ್ಟವನಿಗೇ ಹೊಳೆಯದಿದ್ದರೆ ಅವನು ಸಂತೋಷದಿಂದ ದುಡ್ಡು ಕೊಡುತ್ತಾನೆ. ಆದರೆ ಹಳೆಯ ಚಿತ್ರ, ಶಿಲ್ಪಗಳನ್ನು ಕಾಪಾಡುವ ಸಂರಕ್ಷಕರಲ್ಲಿ ಬಹುಮಂದಿ ಇದನ್ನು ಒಪ್ಪುವುದಿಲ್ಲ. ತಾನು ತುಂಬಿದ ಜಾಗ ಹತ್ತಿರ ಬಂದು ನೋಡಿದವರಿಗೆ ತಿಳಿಯಬೇಕು. ತಾನು ಹಚ್ಚಿದ್ದನ್ನು ಮುಂದಿನವನು ಬೇಕೆಂದರೆ ತೆಗೆಯುವಂತಿರಬೇಕು. ಇದು ಅವರ ಕಸುಬಿನ ನೀತಿ. ಮೇಲ್ನೋಟಕ್ಕೆ ಕೈಕೆಲಸದ ಮಾತು; ನನಗಂತೂ ಇದು ಸತ್ಯಾಸತ್ಯದ ಪ್ರಶ್ನೆಯೆಂದೇ ತೋರುತ್ತದೆ.

ಎರಡು ಪ್ರಸಂಗಗಳನ್ನು ನೋಡೋಣ. 1966ರ ನವೆಂಬರ್ 4ರಂದು ಆರ್ನೋ ನದಿ ಉಕ್ಕಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ನುಗ್ಗಿತು. 13ನೆಯ ಶತಮಾನದಲ್ಲಿ ಚಿಮಾಬುಯೆ ಮರದ ಮೇಲೆ ಬರೆದಿದ್ದ ಶಿಲುಬೆಯ ಕ್ರಿಸ್ತನ ಚಿತ್ರ ಸಾಂತಾ ಕ್ರೋಚೆಯಲ್ಲಿತ್ತು. ಅದು ಕೆಸರುನೀರಿನಲ್ಲಿ ಮುಳುಗಿ, ಬಣ್ಣದಲ್ಲಿ ನೂರಕ್ಕೆ ಸುಮಾರು 60 ಪಾಲು ಹೋಯಿತು. ಹಳೆಯ ಫೋಟೋಗಳಿದ್ದವು, ನುರಿತ ಕೈಗಳಿದ್ದವು. ಹೋದ ಭಾಗವನ್ನು ಹೊಸದಾಗಿ ಬರೆಯಬಹುದಿತ್ತು. ಬರೆಯಲಿಲ್ಲ. ಉಂಬೆರ್ತೊ ಬಾಲ್ದೀನಿಯ ನೇತೃತ್ವದಲ್ಲಿ, ಬರಿದಾದ ಕಡೆ ಉಳಿದ ಬಣ್ಣಗಳಿಗೆ ಹೊಂದುವ ಸಣ್ಣ ಗೆರೆಗಳನ್ನು ಒಂದಕ್ಕೊಂದು ಅಡ್ಡವಾಗಿ ಎಳೆದರು, ಅಷ್ಟೆ. ದೂರದಿಂದ ಕಣ್ಣಿಗೆ ಚುಚ್ಚುವುದಿಲ್ಲ. ಹತ್ತಿರ ಹೋದರೆ ನಷ್ಟವು ನಷ್ಟವಾಗಿಯೇ ಕಾಣುತ್ತದೆ. 1976ರಲ್ಲಿ ಚಿತ್ರ ಹಾಗೆಯೇ ಸಾಂತಾ ಕ್ರೋಚೆಗೆ ಮರಳಿತು.

ಇನ್ನೊಂದು, 1972ರ ಮೇ 21ರದು. ವ್ಯಾಟಿಕನ್ನಿನ ಸಂತ ಪೀಟರನ ಚರ್ಚಿನಲ್ಲಿ ಒಬ್ಬ ಸುತ್ತಿಗೆಯಿಂದ ಮೈಕೆಲಾಂಜೆಲೋನ 'ಪಿಯೆತಾ' ಶಿಲ್ಪಕ್ಕೆ ಬಡಿದು ಮೇರಿಯ ಮೂಗು, ರೆಪ್ಪೆ, ಎಡಗೈ ಒಡೆದ. ಅಲ್ಲಿ ತೀರ್ಮಾನ ಬೇರೆಯಾಯಿತು. ಹಿಂದೆ ತೆಗೆದಿಟ್ಟಿದ್ದ ಅಚ್ಚನ್ನು ನೋಡಿ, ಚೂರುಗಳನ್ನು ಜೋಡಿಸಿ, ಅಮೃತಶಿಲೆಯ ಪುಡಿ ಕಲಸಿದ ಅಂಟು ತುಂಬಿ ಗಾಯವೇ ಕಾಣದಂತೆ ಮಾಡಿದರು. ಅಷ್ಟು ನುಣುಪಾದ ಮುಖದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಕಣ್ಣು ಅಲ್ಲೇ ನಿಲ್ಲುತ್ತದೆ, ತಾಯಿಯ ದುಃಖಕ್ಕೆ ಹೋಗುವುದಿಲ್ಲ ಎಂಬುದು ಆ ಪಕ್ಷದ ವಾದ.

ಭಿನ್ನವಾದ ಮೂರ್ತಿ ಪೂಜೆಗೆ ಸಲ್ಲದು ಎಂದು ಕೇಳಿ ಬೆಳೆದ ನಮಗೆ ಎರಡನೆಯದೇ ಸಹಜ. ಭಕ್ತನಿಗೆ ಬೇಕಾದ್ದು ದೇವರ ಮುಖ, ಇತಿಹಾಸವಲ್ಲ. ಅಲ್ಲದೆ ಅಚ್ಚಿನಿಂದ ಮೂಗಿನ ಆಕಾರ ತಿಳಿಯುತ್ತದೆ. ಫೋಟೋದಿಂದ ಕುಂಚದ ಒತ್ತಡ ತಿಳಿಯುವುದಿಲ್ಲ. ತಿಳಿದದ್ದನ್ನು ಮರಳಿಸುವುದು ಒಂದು, ಊಹಿಸಿದ್ದನ್ನು ಸತ್ತವನ ಹೆಸರಿನಲ್ಲಿ ನಡೆಸುವುದು ಇನ್ನೊಂದು. ಆದ್ದರಿಂದ ಪಿಯೆತಾ ಕೆಲಸವನ್ನು ಸುಳ್ಳೆನ್ನಲಾರೆ. ಆದರೂ ನನ್ನ ಓಟು ಫ್ಲಾರೆನ್ಸಿಗೇ.

ಅದಕ್ಕೆ ಕಾರಣ ಅಜಂತಾ. 1920ರಿಂದ 1922ರವರೆಗೆ ನಿಜಾಮ ಸರ್ಕಾರ ಕರೆಸಿದ ಇಟಲಿಯ ಚೆಕ್ಕೋನಿ ಮತ್ತು ಓರ್ಸಿನಿ ಅಲ್ಲಿ ಉದುರುತ್ತಿದ್ದ ಬಣ್ಣವನ್ನು ಭದ್ರಪಡಿಸಿದರು. ಜೊತೆಗೆ ಅರಗಿನ ವಾರ್ನಿಷನ್ನೂ ಬಳಿದರು. ಅರಗು ಹೊಸದಿದ್ದಾಗ ಸ್ಪಿರಿಟ್ಟಿನಲ್ಲಿ ಸುಲಭವಾಗಿ ಕರಗುತ್ತದೆ, ವಯಸ್ಸಾದಂತೆ ಅದರ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಹಟ ಹಿಡಿಯುತ್ತವೆ (ನನ್ನ ಬಿ.ಎಸ್ಸಿ. ಇಷ್ಟಕ್ಕಾದರೂ ಬಂತು!). ಹಳದಿಯಾಗಿ, ಕಪ್ಪಾಗಿ, ಚಿತ್ರವನ್ನೇ ಮುಸುಕಿದ ಆ ಪದರವನ್ನು ಪುರಾತತ್ತ್ವ ಇಲಾಖೆಯ ರಸಾಯನಜ್ಞರು ದಶಕಗಟ್ಟಲೆ ಶ್ರಮಿಸಿ ತೆಗೆಯಬೇಕಾಯಿತು. ಆ ಇಬ್ಬರು ಅಜ್ಞಾನಿಗಳಲ್ಲ, ತಮ್ಮ ಕಾಲಕ್ಕೆ ತಜ್ಞರೇ. ಹೆದರಿಕೆ ಹುಟ್ಟಿಸುವುದೂ ಅದೇ.

ಇದು ಮ್ಯೂಸಿಯಮ್ಮಿನವರ ತಲೆನೋವು ಮಾತ್ರವಲ್ಲ. ಊರಿನಿಂದ ಬರುವಾಗ ಟ್ರಂಕಿನಲ್ಲಿ ಇಂಥ ವಸ್ತು ತಂದವರು ನಮ್ಮಲ್ಲಿ ಎಷ್ಟೋ ಮಂದಿ. ನಮ್ಮ ಮನೆಯಲ್ಲಿರುವುದು ಅಜ್ಜಿ ಪೂಜಿಸುತ್ತಿದ್ದ, ಮೈಸೂರು ಶೈಲಿಯ ಪಟ್ಟಾಭಿಷೇಕದ ಪಟ. ಲಕ್ಷ್ಮಣನ ಮುಖ ಅರ್ಧ ಉದುರಿದೆ. ಒಳ್ಳೆಯ ಕಲಾವಿದನಿಂದ ಬರೆಸೋಣ ಎಂದು ತಮ್ಮನ ಹಟ. ಅಮ್ಮನಿಗೂ ಅದೇ ಆಸೆ. ಸದ್ಯಕ್ಕೆ ಗೋಡೆಯ ತೇವ ತಾಗದಂತೆ ಹಿಂದೆ ಮರದ ಪಟ್ಟಿ ಕೊಡಿಸಿ, ಬಿಸಿಲು ಬೀಳದ ಮೂಲೆಗೆ ತೂಗುಹಾಕಿದ್ದೇನೆ. ಅಮ್ಮ ದಿನವೂ ಗೊಣಗುತ್ತಲೇ ಆ ಅರ್ಧ ಮುಖಕ್ಕೂ ಒಂದು ಹೂವಿಡುತ್ತಾರೆ.