ಗಡಿ ದಾಟಿದ ಮೀನು ಯಾರ ಪಾಲು?

ಮೀನಿಗೆ ಪಾಸ್‌ಪೋರ್ಟ್ ಇಲ್ಲ ಅಂದರೆ ನಗು ಬರುತ್ತೆ. ಉತ್ತರ ಅಟ್ಲಾಂಟಿಕ್ ದೇಶಗಳು ಇದೇ ವಿಷಯಕ್ಕೆ ವರ್ಷಗಟ್ಟಲೆ ಜಗಳ ಆಡಿವೆ.

ಜಗಳಕ್ಕೆ ಕಾರಣ ನಮ್ಮ ಬಂಗುಡೆಯ ದೂರದ ನೆಂಟ, ಅಟ್ಲಾಂಟಿಕ್ ಮ್ಯಾಕೆರೆಲ್. ನಾರ್ವೆ, ಐರೋಪ್ಯ ಒಕ್ಕೂಟ, ಫೆರೋ ದ್ವೀಪಗಳು ಇದನ್ನು ಪಾಲು ಹಾಕಿಕೊಂಡು ಹಿಡೀತಿದ್ದವು. 2000ದ ದಶಕದ ನಡುವೆ ಹಿಂಡು ಹಿಂಡು ಮೀನು ಐಸ್‌ಲ್ಯಾಂಡಿನ ಕಡೆಗೂ ಹರಡಿತು. 2006ರಲ್ಲಿ ಸುಮಾರು 4 ಸಾವಿರ ಟನ್ ಹಿಡಿದಿದ್ದ ಐಸ್‌ಲ್ಯಾಂಡ್, 2008ರಲ್ಲಿ 1 ಲಕ್ಷ ಟನ್ ದಾಟಿತು. ಅದೇ ವರ್ಷ ಅಲ್ಲಿನ ದೊಡ್ಡ ಬ್ಯಾಂಕುಗಳು ಮುಳುಗಿದ್ದವು. ಕೈಯಲ್ಲಿ ಕಾಸಿಲ್ಲದಾಗ ಅಂಗಳಕ್ಕೇ ಬಂದ ಮೀನನ್ನು ಯಾರು ಬಿಡ್ತಾರೆ ಹೇಳಿ? ಮೇಲಾಗಿ 1982ರ ಸಮುದ್ರ ಕಾನೂನಿನ ಪ್ರಕಾರ ತೀರದಿಂದ 200 ನಾಟಿಕಲ್ ಮೈಲಿವರೆಗಿನ ಮೀನಿನ ಮೇಲೆ ಆ ದೇಶಕ್ಕೇ ಹಕ್ಕು.

ಹಳಬರು 'ನಾವು ಮೊದಲಿಂದ ಹಿಡೀತಿದ್ದೀವಿ' ಅಂದರು. ಐಸ್‌ಲ್ಯಾಂಡ್ 'ಅದು ಮೇಯೋದು, ಕೊಬ್ಬೋದು ನಮ್ಮ ನೀರಲ್ಲಿ' ಅಂತು. ಎರಡೂ ಸುಳ್ಳಲ್ಲ. ಆದರೆ ನನ್ನ ಹೊಲ ಮೇಯ್ದ ದನವನ್ನು ದೊಡ್ಡಿಗೆ ಹೊಡೆದು ದಂಡ ಕೇಳಬಹುದು, ಮೇಯ್ದಿದ್ದಕ್ಕೇ ದನ ನನ್ನದಾಗಲ್ಲ. ನಿನ್ನೆ ಹಾಲು ಕರೆದವನಿಗೂ ಅದೇ ಮಾತು.

ಎಲ್ಲರೂ ಒಪ್ಪಿದ ಒಪ್ಪಂದವಿಲ್ಲದೆಯೇ ಪಾಲುಗಳು ನಿಗದಿಯಾದವು. ಎಲ್ಲವನ್ನೂ ಕೂಡಿಸಿದರೆ ವಿಜ್ಞಾನಿಗಳು ಹೇಳಿದ ಮಿತಿಯನ್ನು ಮೀರುತ್ತಿತ್ತು. 2019ರಲ್ಲಿ ಈ ಮೀನಿಗಿದ್ದ ಎಂಎಸ್‌ಸಿಯ ಸುಸ್ಥಿರತೆಯ ಮುದ್ರೆ ಅಮಾನತಾಯಿತು. ಅಷ್ಟರಲ್ಲಿ ಐಸ್‌ಲ್ಯಾಂಡಿನ ಸುತ್ತ ಮೀನು ಮತ್ತೆ ಕಡಿಮೆಯಾಗತೊಡಗಿತ್ತು. ಬೇಡಿಕೆಯನ್ನು ಮಾತ್ರ ಅದು ಕೈಬಿಡಲಿಲ್ಲ.

ಹಾಗಾದರೆ ಅನ್ಯಾಯದ ಪಾಲನ್ನೂ ಸದ್ಯಕ್ಕೆ ಒಪ್ಪಿಕೊಳ್ಳಬೇಕಾ? ಹೌದು ಅಂತಲೇ ನನ್ನ ಉತ್ತರ. ಪಾಲಿನ ಜಗಳ ಮುಂದಿನ ವರ್ಷಕ್ಕೂ ಕಾಯುತ್ತೆ, ಮೊಟ್ಟೆ ಇಡಬೇಕಾದ ಮೀನು ಕಾಯಲ್ಲ. ಮಿತಿಗೆ ಬರುವಷ್ಟು ಎಲ್ಲರೂ ಒಂದೇ ಪ್ರಮಾಣದಲ್ಲಿ ಕಡಿತ ಮಾಡಿಕೊಳ್ಳಲಿ, ಆಮೇಲೆ ಬೇಕಾದಷ್ಟು ಜಗಳ ಆಡಲಿ.

ಹೇಳೋದು ಸುಲಭ, ಗೊತ್ತು. ಇಂಥ ಮಾತುಕತೆಗಳಲ್ಲಿ ಹಿಂದೆ ಎಷ್ಟು ಹಿಡಿದಿದ್ದೀರಿ ಅನ್ನೋದು ದೊಡ್ಡ ದಾಖಲೆ. ಇವತ್ತು ಸಂಯಮ ತೋರಿಸಿದವನ ದಾಖಲೆ ಚಿಕ್ಕದಾಗುತ್ತೆ, ಬಾಚಿದವನದ್ದು ದೊಡ್ಡದಾಗುತ್ತೆ. ನಮ್ಮ ಆಫೀಸುಗಳಲ್ಲಿ ಈ ವರ್ಷ ಬಜೆಟ್ ಉಳಿಸಿದ ಟೀಮಿಗೆ ಮುಂದಿನ ವರ್ಷ ಕತ್ತರಿ ಬೀಳುತ್ತಲ್ಲ, ಥೇಟ್ ಹಾಗೆ. ಅಂಥ ಕಡೆ ಕೂತು ಐಸ್‌ಲ್ಯಾಂಡನ್ನು ದುರಾಸೆಯ ದೇಶ ಅನ್ನೋಕೆ ನನಗೆ ಬಾಯಿ ಬರಲ್ಲ. ಒಪ್ಪಂದವಿಲ್ಲದ ವರ್ಷಗಳಲ್ಲಿ ಹಿಡಿದ ಒಂದು ಟನ್ನನ್ನೂ ಮುಂದಿನ ಪಾಲಿನ ಲೆಕ್ಕಕ್ಕೆ ಹಿಡಿಯಬಾರದು ಅಂತ ಮೊದಲೇ ಬರೆದುಕೊಳ್ಳಲಿ. ಆಗ ಕಡಿಮೆ ಹಿಡಿದ ದೇಶ ಕನಿಷ್ಠ ಪೆದ್ದನ ಹಾಗೆ ಕಾಣಲ್ಲ.