ಹನ್ನೆರಡು ಇರಿತಗಳು, ಒಂದು ಸುಳ್ಳು

ಪತ್ತೇದಾರಿ ಕಥೆಯ ಗುಟ್ಟನ್ನು ಮೊದಲೇ ಹೇಳಿಬಿಡುವುದು ಆ ಪ್ರಕಾರಕ್ಕೆ ಎಸಗುವ ಅಪಚಾರವೇ ಸರಿ. ಆದರೆ ಅಗಾಥಾ ಕ್ರಿಸ್ಟಿಯವರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಪ್ರಕಟವಾದದ್ದು 1934ರಲ್ಲಿ. ಅದರ ಗುಟ್ಟು ಈಗ ಗುಟ್ಟಾಗಿ ಉಳಿದಿಲ್ಲ. ಮೇಲಾಗಿ ಆ ಕೃತಿ ಎತ್ತುವ ನೈತಿಕ ಪ್ರಶ್ನೆ ಹುಟ್ಟುವುದೇ ಗುಟ್ಟು ಬಯಲಾದ ನಂತರ.

ಯುಗೊಸ್ಲಾವಿಯದ ಹಿಮದಲ್ಲಿ ಸಿಕ್ಕಿ ನಿಂತ ರೈಲಿನಲ್ಲಿ ರ‍್ಯಾಚೆಟ್ ಎಂಬ ಧನಿಕನ ಹತ್ಯೆಯಾಗುತ್ತದೆ. ಅವನ ದೇಹದ ಮೇಲೆ ಹನ್ನೆರಡು ಇರಿತಗಳು. ಅವನ ನಿಜನಾಮ ಕ್ಯಾಸೆಟ್ಟಿ. ಅಮೆರಿಕದಲ್ಲಿ ಡೇಸಿ ಆರ್ಮ್‌ಸ್ಟ್ರಾಂಗ್ ಎಂಬ ಪುಟ್ಟ ಬಾಲೆಯನ್ನು ಹಣಕ್ಕಾಗಿ ಅಪಹರಿಸಿ ಕೊಂದವನು, ಹಣಬಲದಿಂದ ನ್ಯಾಯಾಲಯದ ಕೈತಪ್ಪಿಸಿಕೊಂಡವನು. ಮಗುವಿನ ಸಾವಿನ ಹಿಂದೆಯೇ ತಾಯಿ ಗತಿಸಿದಳು, ತಂದೆ ಗುಂಡು ಹಾರಿಸಿಕೊಂಡ, ಸಂಶಯಕ್ಕೆ ಗುರಿಯಾದ ನಿರಪರಾಧಿ ದಾದಿಯೊಬ್ಬಳು ಪ್ರಾಣ ಬಿಟ್ಟಳು. ಆ ಮನೆತನದ ಬಂಧುಗಳು, ಸೇವಕರು, ಸ್ನೇಹಿತರು ಸೇರಿ ಹನ್ನೆರಡು ಮಂದಿ ತಾವೇ ನ್ಯಾಯಮಂಡಲಿಯಾಗಿ ಕ್ಯಾಸೆಟ್ಟಿಗೆ ಮರಣದಂಡನೆ ವಿಧಿಸಿ, ತಾವೇ ಅದನ್ನು ಜಾರಿಗೊಳಿಸಿದರು. ಪತ್ತೇದಾರ ಹರ್ಕ್ಯೂಲ್ ಪ್ವಾರೋ ಎರಡು ಉತ್ತರಗಳನ್ನು ಮುಂದಿಡುತ್ತಾನೆ: ಹೊರಗಿನವನೊಬ್ಬ ರೈಲು ಹತ್ತಿ ಕೊಂದು ಇಳಿದುಹೋದ ಎಂಬ ಸುಳ್ಳು, ಹನ್ನೆರಡು ಮಂದಿ ಕೊಂದರು ಎಂಬ ಸತ್ಯ. ಪೊಲೀಸರಿಗೆ ತಲುಪುವುದು ಸುಳ್ಳು.

ಕೆನೆತ್ ಬ್ರಾನಾ ನಿರ್ದೇಶಿಸಿ, ಪ್ವಾರೋನ ಪಾತ್ರವನ್ನೂ ತಾವೇ ವಹಿಸಿದ 2017ರ ಚಲನಚಿತ್ರ ಇದೇ ಕಥೆಯನ್ನು ಮತ್ತೆ ಹೇಳುತ್ತದೆ. 1974ರಲ್ಲಿ ಸಿಡ್ನಿ ಲ್ಯೂಮೆಟ್ ತೆಗೆದ ಚಿತ್ರ ಮೂಲಕ್ಕೆ ಹೆಚ್ಚು ನಿಷ್ಠವಾಗಿತ್ತು, ಅಭಿನಯದಲ್ಲಿಯೂ ಅದೇ ಮೇಲು. ಹೊಸ ಚಿತ್ರದ ಹಿಮಪಾತ, ಎತ್ತರದ ಸೇತುವೆ, ಬೆನ್ನಟ್ಟುವಿಕೆಗಳಲ್ಲಿ ಬಹುಪಾಲು ಆಡಂಬರವೆಂದೇ ಹೇಳಬೇಕು. ಆದರೂ ಕಾದಂಬರಿ ನಯವಾಗಿ ದಾಟಿಹೋದ ಸ್ಥಳದಲ್ಲಿ ಈ ಚಿತ್ರ ನಿಲ್ಲುತ್ತದೆ, ಮತ್ತು ಅಲ್ಲಿಯೇ ಅದರ ಮಹತ್ವವಿದೆ.

ಕಾದಂಬರಿಯಲ್ಲಿ ಪ್ವಾರೋ ಎರಡು ಉತ್ತರಗಳನ್ನು ಹೇಳಿ ಸುಮ್ಮನಾಗುತ್ತಾನೆ. ಆಯ್ಕೆ ಮಾಡುವವರು ರೈಲು ಕಂಪನಿಯ ನಿರ್ದೇಶಕ ಬೂಕ್ ಮತ್ತು ವೈದ್ಯ ಕಾನ್‌ಸ್ಟಂಟೈನ್. ಸತ್ಯವನ್ನು ಕಂಡವನಿಗೆ ಸುಳ್ಳಿನ ಭಾರ ತಗಲದಂತೆ ಲೇಖಕಿ ಏರ್ಪಾಟು ಮಾಡಿದ್ದಾರೆ. ಬ್ರಾನಾರ ಪ್ವಾರೋನಿಗೆ ಈ ಸೌಕರ್ಯವಿಲ್ಲ. ಅವನು ಬೆಳಗಿನ ಎರಡು ಮೊಟ್ಟೆಗಳು ಸಮಾನ ಗಾತ್ರದವಾಗಿರಬೇಕೆಂದು ಹಟ ಹಿಡಿಯುವವನು. ಒಂದು ಕಾಲು ಸಗಣಿಯಲ್ಲಿ ಬಿದ್ದರೆ ಸಮತೋಲಕ್ಕಾಗಿ ಇನ್ನೊಂದನ್ನೂ ಇಡುವವನು. ಸರಿ ಮತ್ತು ತಪ್ಪುಗಳ ನಡುವೆ ಮೂರನೆಯದೇನೂ ಇಲ್ಲವೆಂಬುದು ಅವನ ನಂಬಿಕೆ. ಕೊನೆಗೆ ಅವನು ಅಪರಾಧಿಗಳೆಲ್ಲರನ್ನೂ ಸುರಂಗದ ಬಾಯಲ್ಲಿ ಕೂರಿಸಿ, ತಾನು ಸುಳ್ಳು ಹೇಳಲಾರೆನೆಂದೂ, ಉಳಿಯಬೇಕಾದರೆ ತನ್ನನ್ನು ಕೊಲ್ಲಬೇಕೆಂದೂ ಹೇಳಿ ಪಿಸ್ತೂಲನ್ನು ಮುಂದಿಡುತ್ತಾನೆ. ಮಗುವಿನ ಅಜ್ಜಿಯಾದ ಶ್ರೀಮತಿ ಹಬರ್ಡ್ ಅದನ್ನೆತ್ತಿ ತನ್ನತ್ತಲೇ ತಿರುಗಿಸಿಕೊಳ್ಳುತ್ತಾಳೆ. ಪಿಸ್ತೂಲಿನಲ್ಲಿ ಗುಂಡಿರುವುದಿಲ್ಲ. ಪ್ವಾರೋ ಅವರನ್ನು ಬಿಟ್ಟುಬಿಡುತ್ತಾನೆ. ಅಸಮತೋಲದೊಡನೆ ಬಾಳುವುದನ್ನು ಕಲಿಯಬೇಕೆಂದುಕೊಂಡು ಸುಳ್ಳನ್ನು ತನ್ನ ಬಾಯಿಂದಲೇ ಹೇಳುತ್ತಾನೆ.

ಈ ಪರೀಕ್ಷೆಯಿಂದ ಸಿದ್ಧವಾದದ್ದೇನು? ಆ ಜನ ಸ್ವಭಾವತಃ ಕೊಲೆಗಡುಕರಲ್ಲ ಎಂಬುದು, ಅವರ ಶೋಕ ನಿಜವೆಂಬುದು. ಶೋಕದ ಆಳ ಎಷ್ಟೇ ಇರಲಿ, ಅದರಿಂದ ಕೊಲ್ಲುವ ಅಧಿಕಾರ ಹುಟ್ಟುವುದಿಲ್ಲ. ಹನ್ನೆರಡು ಕೈಗಳು ಒಂದು ಕೃತ್ಯವನ್ನು ಹಂಚಿಕೊಂಡಾಗ ಪ್ರತಿಯೊಂದು ಕೈಯ ಪಾಲೂ ಹನ್ನೆರಡನೆಯ ಒಂದು ಭಾಗವಾಗುವುದೆಂಬ ಲೆಕ್ಕ ಹಿಂಸೆಯ ವಿಷಯದಲ್ಲಿ ನಡೆಯದು. ಯಾವ ಇರಿತದಿಂದ ಪ್ರಾಣ ಹೋಯಿತೆಂಬುದು ಇರಿದವರಿಗೇ ತಿಳಿಯಬಾರದೆಂಬ ಉಪಾಯ ಮನಸ್ಸಾಕ್ಷಿಯನ್ನು ಮಲಗಿಸುವ ಉಪಾಯ. ಮಾಡಿದವನು, ಮಾಡಿಸಿದವನು, ಮಾಡಿದ್ದನ್ನು ಒಪ್ಪಿದವನು ಮೂವರೂ ಕರ್ಮದಲ್ಲಿ ಭಾಗಿಗಳೆಂದಾದರೆ, ಕೊನೆಯ ಸ್ಥಾನದಲ್ಲಿ ಪ್ವಾರೋನೂ ನಿಲ್ಲಬೇಕಾಗುತ್ತದೆ. ಚಿತ್ರ ಇದನ್ನು ಅರಿತಿದೆ, ಕಾದಂಬರಿ ಅರಿಯದಂತಿದೆ.

ಪ್ವಾರೋನ ಪರವಾಗಿ ಹೇಳಬಹುದಾದದ್ದೂ ಇದೆ. ನ್ಯಾಯಾಲಯ ಒಮ್ಮೆ ಸೋತಿದೆ. ಮತ್ತೆ ಹನ್ನೆರಡು ಮಂದಿಯನ್ನು ನೇಣಿಗೆ ಕಳಿಸಿದರೆ ಮಡಿದ ಮಗು ಹಿಂದಿರುಗದು, ಹಿಂಸೆಯ ಮೊತ್ತ ಮಾತ್ರ ಬೆಳೆಯುವುದು. ಪ್ರಾಣಹಾನಿಗೆ ದಾರಿಯಾಗುವ ಸತ್ಯವನ್ನು ನುಡಿಯದಿರುವುದೇ ಲೇಸೆಂಬ ವಾದ ಹಳೆಯದು, ಹಗುರವಾದುದೂ ಅಲ್ಲ. ಆದರೆ ನುಡಿಯದಿರುವುದು ಬೇರೆ, ಸುಳ್ಳನ್ನು ಕಟ್ಟಿ ಕೊಡುವುದು ಬೇರೆ. ಮೌನಕ್ಕೆ ಬೆಲೆ ತೆರುವವನು ಮೌನಿಯೇ. ಸುಳ್ಳಿನ ಬೆಲೆಯನ್ನು ಯಾರು ತೆರುವರೆಂದು ಹೇಳಿದವನಿಗೂ ತಿಳಿಯದು.

ಇದಕ್ಕೆ ಸಾಕ್ಷಿ ಕಥೆಯ ಒಳಗೂ ಇದೆ, ಹೊರಗೂ ಇದೆ. ಡೇಸಿಯ ಪ್ರಕರಣಕ್ಕೆ ಮೂಲ, ವಿಮಾನಯಾನಿ ಚಾರ್ಲ್ಸ್ ಲಿಂಡ್‌ಬರ್ಗ್‌ರ ಶಿಶು 1932ರಲ್ಲಿ ಅಪಹೃತವಾಗಿ ಹತವಾದ ನಿಜಘಟನೆ. ಆಗ ಪೊಲೀಸರ ವಿಚಾರಣೆಗೆ ಮತ್ತೆ ಮತ್ತೆ ಒಳಗಾದ ವಯಲೆಟ್ ಶಾರ್ಪ್ ಎಂಬ ಪರಿಚಾರಿಕೆ ವಿಷ ಸೇವಿಸಿ ಸತ್ತಳು. ಆಕೆಗೆ ಅಪರಾಧದೊಡನೆ ಸಂಬಂಧವಿರಲಿಲ್ಲವೆಂದು ಅನಂತರ ಗೊತ್ತಾಯಿತು. ಕಥೆಯ ದಾದಿ ಅವಳ ನೆರಳು. ಬ್ರೂನೊ ಹಾಪ್ಟ್‌ಮನ್ ಎಂಬವನ ಬಂಧನವಾದದ್ದು 1934ರ ಸೆಪ್ಟೆಂಬರಿನಲ್ಲಿ, ಅಂದರೆ ಕಾದಂಬರಿ ಹೊರಬಂದ ಮೇಲೆ. 1936ರಲ್ಲಿ ಅವನಿಗೆ ಮರಣದಂಡನೆಯಾಯಿತು. ತೀರ್ಪಿನ ಬಗೆಗಿನ ವಾದ ಇನ್ನೂ ತಣಿದಿಲ್ಲ. ಕ್ಯಾಸೆಟ್ಟಿ ಅಪರಾಧಿಯೆಂಬುದಕ್ಕೆ ಲೇಖಕಿಯ ಮಾತೇ ಪ್ರಮಾಣ. ಬದುಕಿನಲ್ಲಿ ಅಂಥ ಪ್ರಮಾಣ ಕೊಡುವ ಲೇಖಕಿ ಇಲ್ಲ.

ಇನ್ನು ಆ ಸುಳ್ಳಿನ ವಿಷಯ. ಅದರಿಂದ ಯಾರಿಗೂ ಕೇಡಿಲ್ಲವೆಂದು ಓದುಗರೂ ಪ್ರೇಕ್ಷಕರೂ ನೆಮ್ಮದಿಪಡುತ್ತಾರೆ, ಏಕೆಂದರೆ ಆರೋಪ ಬಿದ್ದಿರುವುದು ಇಲ್ಲದ ಮನುಷ್ಯನ ಮೇಲೆ. ಆದರೆ ಕಾದಂಬರಿಯಲ್ಲಿ ಆ ಇಲ್ಲದ ಮನುಷ್ಯನಿಗೂ ಒಂದು ಚಹರೆಯಿದೆ: ಕುಳ್ಳ, ಕಪ್ಪು ಬಣ್ಣದವನು, ಹೆಣ್ಣುದನಿಯವನು. ಹಿಮ ಕರಗಿ ರೈಲು ಮುಂದೆ ಸಾಗಿದ ಮೇಲೆ ಯುಗೊಸ್ಲಾವಿಯದ ಪೊಲೀಸರು ಈ ಚಹರೆಯನ್ನು ಹಿಡಿದು ಆ ಹಳಿಯ ಇಕ್ಕೆಲದ ಊರುಗಳಲ್ಲಿ ಹುಡುಕಲು ಹೊರಡುವರು. ಅಂಥವನೊಬ್ಬ ಅಲ್ಲಿ ಎಲ್ಲಿಯೋ ಸಿಕ್ಕೇ ಸಿಗುವನು.