ಮದ್ಯತ್ಯಾಗ ವ್ರತವೂ ಕೋಕೇನಿನ ವ್ಯಸನವೂ



ಶ್ರಾವಕನ ಅಷ್ಟಮೂಲಗುಣಗಳನ್ನು ಎಣಿಸುವಾಗ ಮದ್ಯತ್ಯಾಗವನ್ನು ಮೊದಲು ಹೇಳುವುದು ರೂಢಿ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮಧುಮಾಂಸಗಳ ತ್ಯಾಗಕ್ಕೆ ತ್ರಸಜೀವಗಳ ಘಾತವನ್ನು ಕಾರಣವಾಗಿ ಹೇಳಿ, ಮದ್ಯದ ತ್ಯಾಗಕ್ಕೆ ಪ್ರಮಾದಪರಿಹಾರವನ್ನು ಕಾರಣವಾಗಿ ಹೇಳಿದ್ದಾರೆ. ಈ ಭೇದವು ಗಮನಾರ್ಹವಾದುದು. ವಸ್ತುವಿನ ಹೆಸರು ಏನೆಂಬುದಕ್ಕಿಂತ ಅದು ಜೀವನ ಎಚ್ಚರವನ್ನು ಕೆಡಿಸುವುದೋ ಇಲ್ಲವೋ ಎಂಬುದೇ ಇಲ್ಲಿ ಪ್ರಧಾನ. ಹೀಗಿರುವಾಗ, ಕೋಕೇನ್ ಎಲೆಯಿಂದ ತೆಗೆದ ಪುಡಿಯಷ್ಟೆ, ಅದರಲ್ಲಿ ಹುಳುವಿಲ್ಲ, ಹೆಂಡದ ವಾಸನೆಯಿಲ್ಲ, ಆದುದರಿಂದ ಮೂಲಗುಣಕ್ಕೆ ಭಂಗವಿಲ್ಲವೆಂದು ಯಾರಾದರೂ ವಾದಿಸಿದರೆ ಆ ವಾದವು ನಿಲ್ಲಲಾರದು.

ಆ ಎಲೆಯು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರದೇಶದ ಕೋಕಾ ಗಿಡದ್ದು. ಅದರ ಸಾರವನ್ನು ಬೇರ್ಪಡಿಸಿ ಕೋಕೇನ್ ಎಂದು ೧೮೬೦ರಲ್ಲಿ ಹೆಸರಿಟ್ಟವನು ಜರ್ಮನಿಯ ಆಲ್ಬರ್ಟ್ ನೀಮಾನ್. ೧೮೮೪ರಲ್ಲಿ ವಿಯೆನ್ನಾ ನಗರದ ಸಿಗ್ಮಂಡ್ ಫ್ರಾಯ್ಡ್ ಅದನ್ನು ಹೊಗಳಿ ಪ್ರಬಂಧವನ್ನೇ ಬರೆದನು. ವಿದ್ವಾಂಸನಾದವನೂ ಹೀಗೆ ಮೋಸಹೋದನೆಂಬುದು ನೆನಪಿರಲಿ.

ನಮ್ಮ ಕರ್ಮಗ್ರಂಥಗಳಲ್ಲಿ ಎಂಟು ಕರ್ಮಗಳಿಗೆ ಎಂಟು ಉಪಮೆಗಳುಂಟು. ಮೋಹನೀಯಕ್ಕೆ ಕೊಟ್ಟ ಉಪಮೆ ಮದ್ಯ. ಕುಡಿದವನಿಗೆ ಹಿತಾಹಿತ ವಿವೇಕವು ಹೇಗೆ ಅಳಿಯುವುದೋ ಹಾಗೆಯೇ ಮೋಹೋದಯದಲ್ಲಿ ಜೀವಕ್ಕೆ ಸ್ವಪರಭೇದವು ಮರೆಯಾಗುತ್ತದೆ. ಈ ಉಪಮೆಯು ಕೋಕೇನಿನ ವಿಷಯದಲ್ಲಿ ಎಷ್ಟು ಅಕ್ಷರಶಃ ನಿಜವಾಗುತ್ತದೆಂಬುದನ್ನು ಇತ್ತೀಚಿನ ಮಿದುಳಿನ ಅಧ್ಯಯನಗಳು ತೋರಿಸಿವೆ. ಇಂತಹ ಅರಿವಿನ ಒಂದು ಪಾಲು ಮೂಕಪ್ರಾಣಿಗಳ ಮೇಲಿನ ಪ್ರಯೋಗದಿಂದ ಬಂದುದು. ಅಹಿಂಸಾಣುವ್ರತಿಗೆ ಅದು ಸಂಕಟದ ಮಾತು. ನಾನು ಇಲ್ಲಿ ಹೇಳುವುದು ಮನುಷ್ಯರನ್ನೇ ಪರೀಕ್ಷಿಸಿ ತಿಳಿದ ಸಂಗತಿಗಳನ್ನು.

ಮಿದುಳಿನ ನರಕೋಶಗಳು ಒಂದಕ್ಕೊಂದು ಸಂದೇಶ ಕಳುಹಿಸಲು ಬಳಸುವ ದ್ರವ್ಯಗಳಲ್ಲಿ ಡೋಪಮಿನ್ ಒಂದು. ಇದು ಬೇಕು, ಇದನ್ನು ಮತ್ತೆ ಪಡೆಯಬೇಕು ಎಂಬ ಪ್ರೇರಣೆಯಲ್ಲಿ ಅದರ ಪಾತ್ರ ದೊಡ್ಡದು. ಸಂದೇಶ ಮುಟ್ಟಿದ ಮೇಲೆ ಕಳುಹಿಸಿದ ಕೋಶವೇ ಅದನ್ನು ಹಿಂದಕ್ಕೆ ಹೀರಿಕೊಳ್ಳುವುದು ಕ್ರಮ. ಕೋಕೇನ್ ಆ ಹೀರುವ ದ್ವಾರಕ್ಕೆ ಅಡ್ಡ ನಿಲ್ಲುತ್ತದೆ. ಡೋಪಮಿನ್ ಹೊರಗೇ ಉಳಿದು, ಅಕಾರಣವಾದ ಮಹಾಲಾಭದ ಭ್ರಮೆ ಹುಟ್ಟುತ್ತದೆ. ಇದು ಮತ್ತೆ ಮತ್ತೆ ನಡೆದಾಗ ಸಂದೇಶವನ್ನು ಸ್ವೀಕರಿಸುವ ಕಡೆಯೇ ಕುಗ್ಗುತ್ತದೆ. ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಶಾಲೆಯಲ್ಲಿ ನೋರಾ ವೋಲ್ಕೋವ್ ಮತ್ತು ಸಂಗಡಿಗರು ೧೯೯೩ರಲ್ಲಿ ಪ್ರಕಟಿಸಿದ ಅಧ್ಯಯನವು, ಬಹುಕಾಲ ಕೋಕೇನ್ ಸೇವಿಸಿದವರಲ್ಲಿ ಡೋಪಮಿನ್ ಗ್ರಾಹಕಗಳು ಕಡಿಮೆಯಿರುವುದನ್ನೂ, ಹಣೆಯ ಹಿಂದಿನ ಮಿದುಳಿನ ಭಾಗವು ಮಂಕಾಗಿ ಕೆಲಸಮಾಡುವುದನ್ನೂ, ಸೇವನೆ ನಿಲ್ಲಿಸಿ ಮೂರು ನಾಲ್ಕು ತಿಂಗಳಾದರೂ ಆ ಕೊರತೆ ಉಳಿದಿರುವುದನ್ನೂ ಕಂಡಿತು. ಅಂಥವನಿಗೆ ಊಟದ ರುಚಿ, ಮಗುವಿನ ನಗು, ಹಬ್ಬದ ಸಂಭ್ರಮ ಎಲ್ಲವೂ ಸಪ್ಪೆ. ಮನೆಯವರು ಇದನ್ನು ಅಹಂಕಾರವೆಂದೋ ನಿರ್ದಯೆಯೆಂದೋ ಭಾವಿಸಿ ನೊಂದುಕೊಳ್ಳುತ್ತಾರೆ.

ಕೆಡುವುದು ಕಾರ್ಯವಷ್ಟೇ ಅಲ್ಲ, ಆಕಾರವೂ ಹೌದು. ಇಂಗ್ಲೆಂಡಿನ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕ್ಯಾರೆನ್ ಎರ್ಷೆ ಮತ್ತು ಸಂಗಡಿಗರು ೬೦ ಮಂದಿ ವ್ಯಸನಿಗಳ ಮತ್ತು ೬೦ ಮಂದಿ ಆರೋಗ್ಯವಂತರ ಮಿದುಳಿನ ಚಿತ್ರಗಳನ್ನು ಹೋಲಿಸಿ ೨೦೧೧ರಲ್ಲಿ ಪ್ರಕಟಿಸಿದರು. ನರಕೋಶಗಳು ತುಂಬಿರುವ ಬೂದು ದ್ರವ್ಯವು ವ್ಯಸನಿಗಳಲ್ಲಿ ಕಡಿಮೆಯಿತ್ತು. ವ್ಯಸನದ ವರ್ಷಗಳು ಹೆಚ್ಚಿದಷ್ಟೂ ಕಣ್ಣುಗುಡ್ಡೆಗಳ ಮೇಲ್ಬದಿಯ ಮುಂಭಾಗದಲ್ಲಿಯೂ, ನಡುಗೆರೆಯ ಉದ್ದಕ್ಕಿರುವ ಭಾಗದಲ್ಲಿಯೂ ಕೊರತೆ ಹೆಚ್ಚು. ಲಾಭನಷ್ಟಗಳನ್ನು ತೂಗಲು, ತಪ್ಪಿದುದನ್ನು ತಿದ್ದಿಕೊಳ್ಳಲು ಬೇಕಾದ ಸ್ಥಾನಗಳು ಇವು. ಅದೇ ತಂಡದ ಮುಂದಿನ ಲೆಕ್ಕದಂತೆ, ವಯಸ್ಸಾದಂತೆ ಆರೋಗ್ಯವಂತರಲ್ಲಿ ವರ್ಷಕ್ಕೆ ಸುಮಾರು ೧.೬೯ ಮಿಲಿಲೀಟರಿನಷ್ಟು ಬೂದು ದ್ರವ್ಯ ಕುಗ್ಗಿದರೆ ವ್ಯಸನಿಗಳಲ್ಲಿ ೩.೦೮ ಮಿಲಿಲೀಟರಿನಷ್ಟು ಕುಗ್ಗುತ್ತದೆ. ಬೇರೆ ಬೇರೆ ವಯಸ್ಸಿನವರನ್ನು ಹೋಲಿಸಿ ಕಟ್ಟಿದ ಲೆಕ್ಕವಿದು. ಆದರೂ ಮುಪ್ಪು ಇಮ್ಮಡಿಗೆ ಹತ್ತಿರದ ವೇಗದಲ್ಲಿ ಬರುವುದೆಂಬ ಎಣಿಕೆಯು ಅಂಜಿಕೆ ಹುಟ್ಟಿಸುವಂಥದು.

ಈಗ ವಿಚಾರಮಾಡಿರಿ. ಪ್ರತ್ಯಾಖ್ಯಾನವೆಂದರೇನು? ಮುಂದೆ ಬರುವ ಪ್ರಲೋಭನೆಯನ್ನು ಇಂದೇ ನೆನೆದು, ಅದು ಬಂದಾಗ ಬೇಡವೆನ್ನುವೆನೆಂಬ ಸಂಕಲ್ಪ. ಸಂಕಲ್ಪವು ಆತ್ಮನದು, ಆದರೆ ಸಂಸಾರಿಜೀವನು ಅದನ್ನು ನಡೆಸುವುದು ಈ ಶರೀರದ ಮೂಲಕವೇ. ಕಣ್ಣು ಕೆಟ್ಟವನಿಂದ ಈರ್ಯಾಸಮಿತಿಯನ್ನು ನಿರೀಕ್ಷಿಸಲಾದೀತೇ? ಬೇಡವೆನ್ನಲು ಬೇಕಾದ ಅಂಗವೇ ಸವೆದಿರುವವನು ಜಿನಬಿಂಬದ ಮುಂದೆ ಆಣೆಯಿಟ್ಟು ಎಂಟು ದಿನಗಳಲ್ಲಿ ಮುರಿದನೆಂದರೆ, ಅವನ ಆಣೆ ಸುಳ್ಳಾಗಿತ್ತೆಂದು ನಿರ್ಣಯಿಸುವುದು ದುಡುಕು. ಆಣೆಯಿಡುವಾಗ ಅವನ ಕಣ್ಣೀರು ನಿಜವೇ ಇದ್ದಿರಬಹುದು. ವ್ರತಭಂಗದ ನಾಚಿಕೆಯಿಂದ ಅವನು ಬಸದಿಗೆ ಬರುವುದನ್ನೇ ಬಿಟ್ಟರೆ ಲಾಭ ಯಾರಿಗೆ?

ಇನ್ನೊಂದು ಸಂಗತಿಯು ನಮ್ಮ ಕುಲಾಭಿಮಾನವನ್ನು ಸ್ವಲ್ಪ ತಗ್ಗಿಸುವಂಥದು. ಎರ್ಷೆಯವರ ತಂಡವೇ ೨೦೧೨ರಲ್ಲಿ ೫೦ ಮಂದಿ ವ್ಯಸನಿಗಳನ್ನೂ, ವ್ಯಸನವಿಲ್ಲದ ಅವರ ಒಡಹುಟ್ಟಿದವರನ್ನೂ ಪರೀಕ್ಷಿಸಿತು. ಎತ್ತಿದ ಕೈಯನ್ನು ತಡೆಹಿಡಿಯುವ ಶಕ್ತಿಯು ಇಬ್ಬರಲ್ಲಿಯೂ ದುರ್ಬಲ. ಮಿದುಳಿನ ರಚನೆಯಲ್ಲಿ ಕೆಲವು ವ್ಯತ್ಯಾಸಗಳು ಇಬ್ಬರಲ್ಲಿಯೂ ಸಮಾನ. ಎಂದರೆ ಎಲ್ಲವೂ ಕೋಕೇನಿನ ಕೃತ್ಯವಲ್ಲ, ಕೆಲವು ಅಂಶ ಅದಕ್ಕೆ ಮೊದಲೇ ಇತ್ತು. ಆದರೂ ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರು ಬಿದ್ದರು, ಇನ್ನೊಬ್ಬರು ಉಳಿದರು. ಉದಯ ಹಾಗೂ ಪುರುಷಾರ್ಥಗಳ ಚರ್ಚೆಯನ್ನು ಬಲ್ಲ ನಮ್ಮವರಿಗೆ ಇದು ಅಪರಿಚಿತವಲ್ಲ. ಯಾವ ಮಗುವಿನಲ್ಲಿ ಆ ದೌರ್ಬಲ್ಯ ಅಡಗಿದೆಯೆಂದು ಮುಖ ನೋಡಿ ಹೇಳಲಾಗದು. ಓದಲು, ಉದ್ಯೋಗಕ್ಕೆ ದೂರದ ನಗರಗಳಿಗೂ ಪರದೇಶಗಳಿಗೂ ಹೊರಡುವ ಮಕ್ಕಳಿಗೆ ರಾತ್ರಿಭೋಜನದ, ಕಂದಮೂಲದ ನಿಯಮಗಳನ್ನು ನೆನಪಿಸುವ ನಾವು, ಗೆಳೆಯರ ಕೂಟದಲ್ಲಿ ಒಮ್ಮೆ ರುಚಿನೋಡು ಎಂದು ನೀಡುವ ಈ ಪುಡಿಯ ಹೆಸರನ್ನು ಎತ್ತಲು ಸಂಕೋಚಪಡುತ್ತೇವೆ. ಮುಟ್ಟದವನಿಗೆ ಯಾವಜ್ಜೀವ ತ್ಯಾಗವು ಸುಲಭ. ಆಗಲೇ ಅದನ್ನು ಕೊಡಿಸಬೇಕು.

ಬಿದ್ದವನ ಮಾತು ಬೇರೆ. ಆಚಾರ್ಯರು ಭೋಗೋಪಭೋಗ ಪರಿಮಾಣದ ಪ್ರಕರಣದಲ್ಲಿ ತ್ಯಾಗವನ್ನು ಎರಡಾಗಿ ವಿಂಗಡಿಸಿದ್ದಾರೆ: ಕಾಲಮಿತಿಯುಳ್ಳದ್ದು ನಿಯಮ, ಬದುಕಿರುವತನಕದ್ದು ಯಮ. ವ್ಯಸನಿಗೆ ಯಮದ ಆಣೆಯನ್ನು ಹೊರಿಸುವ ಆತುರ ಬೇಡ. ಕಾಲವು ಅವನ ಪಕ್ಷದಲ್ಲಿದೆ. ನ್ಯೂಯಾರ್ಕಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಒಂದು ಸಣ್ಣ ಗುಂಪನ್ನು ಸುಮಾರು ಆರು ತಿಂಗಳ ಬಳಿಕ ಮತ್ತೆ ಪರೀಕ್ಷಿಸಿದಾಗ ಮಿದುಳಿನ ಮುಂಭಾಗದ ಕೆಲವೆಡೆ ಬೂದು ದ್ರವ್ಯವು ಹೆಚ್ಚಿದ್ದುದು ೨೦೧೭ರಲ್ಲಿ ವರದಿಯಾಯಿತು. ತೊರೆದಷ್ಟು ದಿನವೂ ಒಳಗೆ ಏನೋ ಕೂಡಿಬರುತ್ತಿರುತ್ತದೆ.

ಪ್ರಾಯಶ್ಚಿತ್ತದ ಹೆಸರಿನಲ್ಲಿ ಅಂಥವನ ಮೇಲೆ ದೀರ್ಘ ಉಪವಾಸಗಳನ್ನು ಹೇರುವುದು ತರವಲ್ಲ. ಕೋಕೇನ್ ಹಸಿವನ್ನು ಅಡಗಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ, ಹೃದಯವನ್ನು ದಣಿಸುತ್ತದೆ. ದೇಹವು ಮೊದಲೇ ಸೊರಗಿರುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ಶಕ್ತಿಯ ಮಿತಿಯನ್ನು ಸೇರಿಸಿಯೇ ಹೇಳಿದೆಯಷ್ಟೆ. ಮೊದಲು ವೈದ್ಯರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ಪ್ರತ್ಯೇಕ ವಿಭಾಗವಿದೆ; ಸರ್ಕಾರದ ಉಚಿತ ಸಹಾಯವಾಣಿಯ ಸಂಖ್ಯೆ ೧೪೪೪೬. ಪೊಲೀಸರ ಭಯದಿಂದ ಮುಚ್ಚಿಡುವ ಮನೆಗಳೂ ಉಂಟು. ೧೯೮೫ರ ಮಾದಕವಸ್ತು ಕಾಯಿದೆಯ ೬೪-ಎ ಕಲಮು, ಅಲ್ಪಪ್ರಮಾಣದ ಅಥವಾ ಸೇವನೆಯ ಅಪರಾಧಕ್ಕೆ ಗುರಿಯಾದ ವ್ಯಸನಿಯು ಸರ್ಕಾರಿ ಇಲ್ಲವೆ ಮಾನ್ಯತೆಯುಳ್ಳ ಚಿಕಿತ್ಸಾಲಯಕ್ಕೆ ತಾನಾಗಿ ಸೇರಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ.

ಚಿಕಿತ್ಸೆಯ ಜೊತೆಗೆ ಅವನು ತಾನೇ ಕೈಮುಗಿದು ವ್ರತ ಕೇಳಿದರೆ ನಾಳೆಯ ಸೂರ್ಯೋದಯದವರೆಗೆ ನಿಯಮ ಕೊಡಿರಿ. ಸೂರ್ಯೋದಯವಾದ ಮೇಲೆ, ಮನೆಯವರೆಲ್ಲ ಜೊತೆಗೆ ಕುಳಿತು, ಇನ್ನೊಂದು ದಿನಕ್ಕೆ.